ಹೊಸ ಬಾಗಿಲ ಬಣ್ಣ, ಹಳೆಯ ರೇಷ್ಮೆ

ಮಾರ್ಕೋನಹಳ್ಳಿಯ ನಮ್ಮ ಮನೆಯಲ್ಲಿ ತಂಗಿಯ ಮದುವೆಗೆ ಇನ್ನು ಮೂರೇ ದಿನ. ಅಂದು ಮಧ್ಯಾಹ್ನ ತಾನೇ ಬಾಗಿಲವಾಡಕ್ಕೆ ಹಸಿರು ಎನಾಮೆಲ್ ಹೊಡೆಸಿದ್ದೆವು. ಸಂಜೆ ಚಪ್ಪರದ ಪೂಜೆ. ಅವ್ವ ತನ್ನ ಧಾರೆಯ ದಿನದ ಮೈಸೂರು ರೇಷ್ಮೆ ಸೀರೆಯನ್ನು ಟ್ರಂಕಿನಿಂದ ತೆಗೆದು ಉಟ್ಟಿದ್ದಳು. ಎರಡೂ ಕೈಯಲ್ಲಿ ಕಳಸ ಹಿಡಿದು ಹೊಸ್ತಿಲು ದಾಟುವಾಗ ಸೆರಗು ಬಾಗಿಲವಾಡಕ್ಕೆ ಒರೆಸಿಕೊಂಡಿತು. ಕುಂಕುಮಗೆಂಪು ರೇಷ್ಮೆಯ ಮೇಲೆ ಗೇಣುದ್ದ ಹಸಿರು ಗೀರು.

ಆಮೇಲಿನ ಐದು ನಿಮಿಷವನ್ನು ನಾನು ಮರೆತಿಲ್ಲ. ಸೋದರತ್ತೆ ಬಿಸಿನೀರು ತರಲು ಒಲೆಯ ಕಡೆ ಓಡಿದರು. ಚಿಕ್ಕಪ್ಪ ಸೀಮೆಎಣ್ಣೆ ಹುಡುಕಿದರು. ನಾನು ಬಚ್ಚಲಿಂದ ಬಟ್ಟೆ ಸೋಪು ತಂದು ಇನ್ನೇನು ಉಜ್ಜಬೇಕು, ಅಷ್ಟರಲ್ಲಿ ಕೊಟ್ಟಿಗೆಯ ಹತ್ತಿರ ಬ್ರಷ್ ತೊಳೆಯುತ್ತಿದ್ದ ಪೇಂಟರ್ ಅಲ್ಲಿಂದಲೇ ಕೂಗಿದರು: "ಉಜ್ಜಬ್ಯಾಡ್ರಮ್ಮ! ಉಜ್ಜಿದ್ರೆ ಒಳಕ್ಕಿಳೀತದೆ. ಹಂಗೇ ಬಿಡಿ, ನಾನ್ ಬಂದೆ."

ಅವರು ಮಾಡಿದ್ದು ಇಷ್ಟು. ಹಳೆಯ ಬಿಳಿ ಪಂಚೆಯೊಂದನ್ನು ನಾಲ್ಕು ಮಡಿಕೆ ಮಾಡಿ ಚಾಪೆಯ ಮೇಲೆ ಹಾಸಿದರು. ಬಣ್ಣ ತಾಗಿದ ಮುಖ ಕೆಳಗೆ ಬರುವಂತೆ ಸೆರಗನ್ನು ಅದರ ಮೇಲೆ ಮಗುಚಿದರು. ಒಳಸೆರಗಿನ ತುದಿಗೆ ಒಂದು ಹನಿ ಟರ್ಪೆಂಟೈನ್ ಮುಟ್ಟಿಸಿ, ಸೀರೆಯ ಬಣ್ಣ ಬಿಡುವುದಿಲ್ಲ ಎಂದು ಮೊದಲು ಖಾತ್ರಿ ಮಾಡಿಕೊಂಡರು. ಆಮೇಲೆ ಹತ್ತಿಯನ್ನು ಟರ್ಪೆಂಟೈನಿನಲ್ಲಿ ಅದ್ದಿ, ಹಿಂಡಿ, ಸೆರಗಿನ ಬೆನ್ನ ಕಡೆಯಿಂದ ಒತ್ತುತ್ತಾ ಹೋದರು. ಒರೆಸಲಿಲ್ಲ, ತಿಕ್ಕಲಿಲ್ಲ, ಬರೀ ಒತ್ತಿದರು. ಕೆಳಗಿನ ಪಂಚೆಗೆ ಹಸಿರು ಇಳಿದಂತೆಲ್ಲ ಅದನ್ನು ಅತ್ತಿತ್ತ ಸರಿಸಿ ಒಣ ಜಾಗ ಕೊಟ್ಟರು. ಅರ್ಧ ಗಂಟೆಯಲ್ಲಿ ಗೇಣುದ್ದದ ಗೀರು ರಾಗಿ ಕಾಳಿನಷ್ಟಾಯಿತು. ಜರಿಯ ಪಕ್ಕಕ್ಕಿದ್ದ ಆ ಕಾಳನ್ನು ಅವರು ಮುಟ್ಟಲೇ ಇಲ್ಲ. "ಇದಕ್ಕೆ ಆಸೆಪಟ್ರೆ ಜರಿ ಹೋಗ್ತದೆ" ಅಂದರು.

ನಮ್ಮೂರ ಜಲಾಶಯ ನೋಡಿದವರಿಗೆ ಈ ಉಪಾಯದ ಹದ ಬೇಗ ಅರ್ಥವಾಗುತ್ತದೆ. ಶಿಂಷಾ ನದಿಗೆ ಕಟ್ಟಿರುವ ಮಾರ್ಕೋನಹಳ್ಳಿ ಅಣೆಕಟ್ಟಿನಲ್ಲಿ ಸ್ವಯಂಚಾಲಿತ ಸೈಫನ್‌ಗಳಿವೆ. ನೀರು ಮಟ್ಟಕ್ಕೆ ಬಂತೆಂದರೆ ಯಾರೂ ಗೇಟು ಎತ್ತಬೇಕಿಲ್ಲ, ತಾನಾಗಿ ಹೊರಗೆ ಹರಿಯುತ್ತದೆ. ಬಟ್ಟೆಯ ಎಳೆಗಳು ದ್ರವವನ್ನು ಎಳೆದುಕೊಳ್ಳುವುದು ಬೇರೆಯೇ ತತ್ತ್ವದಿಂದ, ನಿಜ. ಆದರೆ ಎರಡು ಕಡೆಯೂ ಬಲಪ್ರಯೋಗವಿಲ್ಲ. ಹೋಗಬೇಕಾದ್ದಕ್ಕೆ ದಾರಿ ಮಾಡಿಕೊಟ್ಟರೆ ಅದು ಹೋಗುತ್ತದೆ. ಉಜ್ಜುವ ಕೈ ದಾರಿ ಮಾಡಿಕೊಡುವುದಿಲ್ಲ. ಮೇಲೆ ಕೂತ ಬಣ್ಣವನ್ನು ಎಳೆಗಳ ಸಂದಿಗೆ ತುರುಕುತ್ತದೆ. ರೇಷ್ಮೆಯಾದರೆ ಎಳೆ ಸವೆದು, ಕಲೆ ಹೋದ ಮೇಲೂ ಅಲ್ಲಿ ಮಂಕು ಮಚ್ಚೆ ಉಳಿಯುತ್ತದೆ.

ಒಳ್ಳೆಯ ಬಟ್ಟೆ ಹಾಳಾಗುವುದು ಬಣ್ಣ ಬಿದ್ದಾಗಲ್ಲ, ಬಿದ್ದ ಮೇಲೆ ನಾವು ಮಾಡುವ ಗಾಬರಿಯ ಕೆಲಸದಿಂದ. ಅಂದಿನಿಂದ ಇದನ್ನು ಗಟ್ಟಿಯಾಗಿ ನಂಬಿದ್ದೇನೆ. ಬಾಗಿಲು, ಕಿಟಕಿ, ಗ್ರಿಲ್‌ಗಳಿಗೆ ಹೊಡೆಯುವ ಎನಾಮೆಲ್ ಎಣ್ಣೆ ಬಣ್ಣ. ಅದು ಒಣಗುವುದು ಎರಡು ಹಂತದಲ್ಲಿ. ಮೊದಲು ಅದರಲ್ಲಿನ ಟರ್ಪೆಂಟೈನ್‌ನಂಥ ದ್ರಾವಕ ಆವಿಯಾಗುತ್ತದೆ. ಆಮೇಲೆ ಎಣ್ಣೆಯ ಅಂಶ ಗಾಳಿಯಲ್ಲಿನ ಆಮ್ಲಜನಕವನ್ನು ಹೀರಿ, ಒಂದಕ್ಕೊಂದು ಹೆಣೆದುಕೊಂಡು ಗಟ್ಟಿ ಪೊರೆಯಾಗುತ್ತದೆ. ಹೆಣೆದುಕೊಂಡ ಮೇಲೆ ಅದನ್ನು ಕರಗಿಸುವ ವಸ್ತುಗಳೆಲ್ಲ ಬಟ್ಟೆಗೂ ಅಪಾಯದವೇ. ಅತ್ತೆ ತರಲು ಹೊರಟಿದ್ದ ಬಿಸಿನೀರು ಎಣ್ಣೆ ಬಣ್ಣವನ್ನು ಕರಗಿಸುವುದಿಲ್ಲ. ಬಿಸಿ ಈ ಹೆಣಿಗೆಯನ್ನು ಇನ್ನಷ್ಟು ಬೇಗ ಮಾಡಿಸುತ್ತದೆ. ಇಸ್ತ್ರಿಯಂತೂ ಕಲೆಗೆ ಮುದ್ರೆ ಒತ್ತಿದ ಹಾಗೆ. ಸೀಮೆಎಣ್ಣೆ ಬಣ್ಣ ಬಿಡಿಸೀತು, ಆದರೆ ಜಿಡ್ಡು, ವಾಸನೆ ಎರಡನ್ನೂ ಉಳಿಸಿ ಹೋಗುತ್ತದೆ. ಪಡಿತರದ ಸೀಮೆಎಣ್ಣೆಗಂತೂ ನೀಲಿ ಬಣ್ಣ ಬೆರೆಸಿರುತ್ತಾರೆ.

ಗೋಡೆಗೆ ಹೊಡೆಯುವ ಎಮಲ್ಷನ್, ಡಿಸ್ಟೆಂಪರ್‌ಗಳ ಜಾತಿ ಬೇರೆ. ಅವು ನೀರಿನ ಬಣ್ಣಗಳು. ಹಸಿಯಿರುವಾಗ ತಣ್ಣೀರು ಧಾರಾಳವಾಗಿ ಹರಿಸಿದರೆ ಮುಕ್ಕಾಲು ಪಾಲು ಹೋಗುತ್ತವೆ. ಎಮಲ್ಷನ್ ಒಣಗಿತೆಂದರೆ ಪ್ಲಾಸ್ಟಿಕ್ಕಿನಂಥ ಪೊರೆ; ಆಗ ನೀರಿಗೆ ಜಗ್ಗುವುದಿಲ್ಲ, ಸ್ಪಿರಿಟ್ಟಿಗೆ ಮೆತ್ತಗಾಗುತ್ತದೆ. ಕೊರೊನಾ ಕಾಲದಲ್ಲಿ ಮನೆಮನೆಗೆ ಬಂದ ಸ್ಯಾನಿಟೈಸರ್ ಇದಕ್ಕೆ ಸಾಕು. ಉಗುರುಬಣ್ಣ ತೆಗೆಯುವ ದ್ರಾವಣ ಮಾತ್ರ ಬೇಡ. ಅದರಲ್ಲಿ ಸಾಮಾನ್ಯವಾಗಿ ಅಸಿಟೋನ್ ಇರುತ್ತದೆ. ಅಸಿಟೇಟ್ ಬೆರೆತ ಬಟ್ಟೆಗೆ ತಾಗಿದರೆ ಕಲೆಯ ಜೊತೆ ಬಟ್ಟೆಯೂ ಕರಗಿ ತೂತಾಗುತ್ತದೆ.

ಸುಣ್ಣದ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ನಮ್ಮ ಕುಣಿಗಲ್ ಸೀಮೆಯ ಹಳ್ಳಿಗಳಲ್ಲಿ ಯುಗಾದಿಗೆ ಮುಂಚೆ ಸುಣ್ಣ ಬಳಿಯುವ ಮನೆಗಳು ಇನ್ನೂ ಇವೆ. ನೋಡಲು ಬಿಳಿ, ಒದರಿದರೆ ಉದುರುತ್ತದೆ, ಹಾಗಾಗಿ ಯಾರೂ ಲೆಕ್ಕಕ್ಕಿಡುವುದಿಲ್ಲ. ಆದರೆ ಹಸಿ ಸುಣ್ಣ ತೀಕ್ಷ್ಣ ಕ್ಷಾರ. ಹತ್ತಿ ತಡೆದುಕೊಳ್ಳುತ್ತದೆ, ಪ್ರಾಣಿಜನ್ಯ ಎಳೆಗಳಾದ ರೇಷ್ಮೆ, ಉಣ್ಣೆ ತಡೆಯುವುದಿಲ್ಲ. ರೇಷ್ಮೆಯ ಮೇಲೆ ಸುಣ್ಣದ ಹನಿ ಬಿದ್ದರೆ ತಣ್ಣೀರು ಹರಿಸಿ, ನೀರು ಬೆರೆಸಿ ತೆಳುಮಾಡಿದ ವಿನೆಗರ್ ಮುಟ್ಟಿಸಿ, ಮತ್ತೆ ತಣ್ಣೀರು ಹರಿಸಬೇಕು. ಹಿತ್ತಾಳೆ ಬೆಳಗುವ ಅಭ್ಯಾಸದಿಂದ ಕೈ ಹುಣಸೆಹಣ್ಣಿನ ಕಡೆ ಹೋದೀತು. ಹುಳಿ ಹುಳಿಯೇ, ಆದರೆ ಹುಣಸೆ ತನ್ನದೇ ಕಂದು ಕಲೆ ಬಿಡುತ್ತದೆ. ಜರಿಗಂತೂ ಯಾವ ಹುಳಿಯೂ ತಾಗಬಾರದು. ಸರ್ಕಾರಿ ಕಾರ್ಖಾನೆಯ ಮೈಸೂರು ರೇಷ್ಮೆಯ ಜರಿಯಲ್ಲಿ ಶೇ. 65ರಷ್ಟು ಬೆಳ್ಳಿ, ಶೇ. 0.65ರಷ್ಟು ಚಿನ್ನ ಇರುತ್ತದೆ. ಮೇಲಿನ ಚಿನ್ನದ ಹೊದಿಕೆ ಎಷ್ಟು ತೆಳು ಎಂದು ಈ ಅಂಕಿಯೇ ಹೇಳುತ್ತದೆ.

ಅವ್ವನ ಸೀರೆಯ ನೆಪದಲ್ಲಿ ಒಂದು ಸಂಗತಿ ನನ್ನ ಗಮನಕ್ಕೆ ಬಂತು. ಮೈಸೂರಿನ ರೇಷ್ಮೆ ನೇಯ್ಗೆ ಕಾರ್ಖಾನೆ ಶುರುವಾದದ್ದು 1912ರಲ್ಲಿ. ಬೆಂಗಳೂರಿನ ಸರ್ಕಾರಿ ಸಾಬೂನು ಕಾರ್ಖಾನೆ ಅದಾದ ಕೆಲವೇ ವರ್ಷಗಳಲ್ಲಿ ಬಂತು. ಮೈಸೂರಿನ ಅರಗು ಮತ್ತು ಬಣ್ಣದ ಕಾರ್ಖಾನೆ 1937ರದ್ದು. ಮೂರೂ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದವು. ನಮ್ಮೂರ ಅಣೆಕಟ್ಟೂ ಅವರ ಕಾಲದ್ದೇ. ಸೀರೆ, ಸೋಪು, ಬಣ್ಣ, ತೊಳೆಯುವ ನೀರು ನಾಲ್ಕನ್ನೂ ಒಬ್ಬ ಅರಸರ ಆಳ್ವಿಕೆ ಕೊಟ್ಟು ಹೋಗಿದೆ.

ಆ ಬಣ್ಣದ ಕಾರ್ಖಾನೆಯೇ ಇಂದಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್. 1962ರ ಚುನಾವಣೆಯಿಂದ ದೇಶದ ಮತದಾರರ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿ ಬರುತ್ತಿರುವುದು ಅಲ್ಲಿಂದ. ಅದರಲ್ಲಿರುವುದು ಸಿಲ್ವರ್ ನೈಟ್ರೇಟ್. ಚರ್ಮಕ್ಕೆ ತಾಗಿ ಬೆಳಕು ಬಿದ್ದರೆ ಕಪ್ಪಾಗುತ್ತದೆ. ಬೆರಳಿನ ಗುರುತು ಚರ್ಮ, ಉಗುರು ಹೊಸದಾಗಿ ಬೆಳೆದಂತೆ ಹೋಗುತ್ತದೆ. ಬಟ್ಟೆ ಬೆಳೆಯುವುದಿಲ್ಲವಲ್ಲ. ಚುನಾವಣೆ ಡ್ಯೂಟಿಗೆ ಹೋಗುವ ಮೇಷ್ಟ್ರು, ಮೇಡಂಗಳಲ್ಲಿ ನನ್ನ ವಿನಂತಿ: ಆ ದಿನ ಒಳ್ಳೆಯ ಸೀರೆ, ಬಿಳಿ ಅಂಗಿ ಬೇಡ. ಆ ಕಲೆಗೆ ಮನೆಮದ್ದಿಲ್ಲ.

ಸಂಕ್ರಾಂತಿಯ ದಿನವೂ ಹಾಗೇ ಸ್ವಲ್ಪ ಎಚ್ಚರ ಬೇಕು. ಹಳ್ಳಿಕಾರ್ ಎತ್ತುಗಳ ಕೊಂಬಿಗೆ ಈಗ ಬಳಿಯುವುದು ಇದೇ ಎನಾಮೆಲ್. ಎತ್ತು ಒಮ್ಮೆ ತಲೆ ಕೊಡವಿದರೆ ಹೊಸ ಪಂಚೆಯ ತುಂಬಾ ಕೆಂಪು, ನೀಲಿ ಹನಿ. ಅದು ಹತ್ತಿಯಾದ್ದರಿಂದ ಹೆದರಿಕೆಯಿಲ್ಲ. ದಪ್ಪಗಿರುವುದನ್ನು ಮೊಂಡು ಚಾಕುವಿನಿಂದ ಮೆಲ್ಲಗೆ ಎತ್ತಿ ತೆಗೆದು, ಆಮೇಲೆ ಟರ್ಪೆಂಟೈನ್, ಕೊನೆಗೆ ಸೋಪು.

ರೇಷ್ಮೆಗೆ ಕೊನೆಯ ತೊಳೆತ ಅಂಟುವಾಳದ್ದು. ಅವ್ವನ ಸೀರೆಗೂ ಹಾಗೇ ಮಾಡಿದೆವು. ಟರ್ಪೆಂಟೈನ್ ಪೂರ್ತಿ ಆರುವವರೆಗೆ ಒಲೆ, ದೀಪಗಳಿಂದ ದೂರ ನೆರಳಲ್ಲಿ ಹರವಿ, ಅಂಟುವಾಳಕಾಯಿ ನೆನೆಸಿದ ನೀರಿನ ನೊರೆಯಲ್ಲಿ ಆ ಭಾಗವನ್ನಷ್ಟೇ ಅದ್ದಿ ತೆಗೆದು, ತಣ್ಣೀರಲ್ಲಿ ಜಾಲಿಸಿದೆವು. ಹಿಂಡಲಿಲ್ಲ. ಒಗೆಯುವ ಸೋಡಾ, ಬ್ಲೀಚಿಂಗ್ ಪುಡಿ ಹತ್ತಿಯ ಬಟ್ಟೆಗೆ ಸರಿ. ರೇಷ್ಮೆಯ ಎಳೆಯನ್ನು ಬ್ಲೀಚಿಂಗ್ ಪುಡಿ ಹಳದಿ ಮಾಡಿ ತಿಂದೇಬಿಡುತ್ತದೆ. ಚೌಳು ಮಣ್ಣಿನಲ್ಲಿ ಅದ್ದಿ ಉಬ್ಬೆಗೆ ಹಾಕುತ್ತಿದ್ದ ನಮ್ಮ ಮಡಿವಾಳರಿಗೆ ಈ ವ್ಯತ್ಯಾಸ ಬೆರಳ ತುದಿಯಲ್ಲಿತ್ತು. ಯಾವ ಬಟ್ಟೆ ಉಬ್ಬೆಗೆ, ಯಾವುದು ಬರೀ ನೀರಿಗೆ ಎಂದು ಮುಟ್ಟಿಯೇ ಹೇಳುತ್ತಿದ್ದರು. ವಾಷಿಂಗ್ ಮಷೀನು ಬಂದ ಮೇಲೆ ಆ ಸ್ಪರ್ಶದ ತಿಳಿವಳಿಕೆಯನ್ನು ನಾವು ಕೇಳಿ ಉಳಿಸಿಕೊಳ್ಳಲಿಲ್ಲ. ಅದು ದೊಡ್ಡ ನಷ್ಟ.

ಒಣಗಿ ಹೋದ ಎಣ್ಣೆ ಬಣ್ಣದ ಕಲೆಯನ್ನು, ಎಂಥ ಎಳೆ ಎಂದು ಗೊತ್ತಿಲ್ಲದ ಬಟ್ಟೆಯನ್ನು ಮನೆಯಲ್ಲಿ ಕೆಣಕುವುದು ಬೇಡ. ಡ್ರೈವಾಶ್‌ಗೆ ಕೊಡಿ. ಕೊಡುವಾಗ ಏನು ಬಿತ್ತು, ಯಾವಾಗ ಬಿತ್ತು, ನೀವು ಏನೇನು ಹಚ್ಚಿದಿರಿ ಎಂಬುದನ್ನು ಮುಚ್ಚಿಡದೆ ಹೇಳಿ. ಅದಕ್ಕಾಗಿ ಒಂದು ಕೆಲಸ ಮಾಡಿ: ಮನೆಗೆ ಬಣ್ಣ ಹೊಡೆಸಿದ ಮೇಲೆ ಖಾಲಿ ಡಬ್ಬವನ್ನು ಹಬ್ಬ ಮುಗಿಯುವವರೆಗೆ ಎಸೆಯಬೇಡಿ. ಎಣ್ಣೆ ಬಣ್ಣವೋ ನೀರಿನ ಬಣ್ಣವೋ, ಯಾವುದರಿಂದ ತೆಳುಮಾಡಬೇಕು ಎಂಬುದು ಅದರ ಮೇಲೆಯೇ ಅಚ್ಚಾಗಿರುತ್ತದೆ. ಕಲೆಯಾದ ಬಟ್ಟೆಯ ಜೊತೆ ಆ ಡಬ್ಬವನ್ನೂ ಅಂಗಡಿಗೆ ಒಯ್ಯಿರಿ.