ಸೂಜಿ ಬಿಡದ ವೈದ್ಯ

ಡಾಕ್ಟರಿಕೆ ಓದಿದ ಮಗ ಗೋಣಿಚೀಲ ಹೊಲಿಯುತ್ತ ಕುಳಿತರೆ ಮನೆಯವರು ಏನೆಂದಾರು? ಇಟಲಿಯ ಚಿತ್ರಕಾರ ಆಲ್ಬರ್ಟೊ ಬುರ್ರಿ (1915–1995) ಮಾಡಿದ್ದು ಅದನ್ನೇ.

1940ರಲ್ಲಿ ವೈದ್ಯ ಪದವಿ ಪಡೆದ ಬುರ್ರಿ ಸೇನಾ ವೈದ್ಯರಾದರು. 1943ರಲ್ಲಿ ಟ್ಯುನೀಸಿಯಾದಲ್ಲಿ ಸೆರೆಸಿಕ್ಕು ಅಮೆರಿಕದ ಟೆಕ್ಸಾಸ್‌ನ ಯುದ್ಧಕೈದಿಗಳ ಶಿಬಿರ ಸೇರಿದರು. ಅಲ್ಲಿ ಚಿತ್ರ ಬರೆಯತೊಡಗಿದವರು 1946ರಲ್ಲಿ ತಾಯ್ನಾಡಿಗೆ ಮರಳಿದ ಮೇಲೆ ವೈದ್ಯವೃತ್ತಿಗೆ ಹಿಂತಿರುಗಲೇ ಇಲ್ಲ.

ಹರಿದ ಗೋಣಿಯ ತುಂಡುಗಳನ್ನು ಹೊಲಿದು ಚಿತ್ರವಾಗಿಸಿದರು. ನೋಡಿದವರಿಗೆ ಗಾಯದ ಹೊಲಿಗೆ ನೆನಪಾಯಿತು. 1970ರ ದಶಕದಲ್ಲಿ ಬಿಳಿ ಜೇಡಿಮಣ್ಣು, ಅಂಟು ಸೇರಿದ ಮಿಶ್ರಣವನ್ನು ಹಲಗೆಗೆ ದಪ್ಪನಾಗಿ ಬಳಿದು ಒಣಗಲು ಬಿಟ್ಟರು. ನೀರು ಆವಿಯಾದಂತೆ ಪದರ ಕುಗ್ಗಲು ಹವಣಿಸುತ್ತದೆ. ಕೆಳಗಿನ ಹಲಗೆ ಬಿಡುವುದಿಲ್ಲ. ಆ ಎಳೆತಕ್ಕೆ, ಬೇಸಿಗೆಯ ಕೆರೆಯಂಗಳದಲ್ಲಿ ಆಗುವಂತೆಯೇ, ಬಿರುಕು ಮೂಡುತ್ತದೆ. ಪದರ ದಪ್ಪವಾದಷ್ಟೂ ಬಿರುಕುಗಳ ನಡುವಿನ ಅಂತರ ಹೆಚ್ಚು.

1968ರ ಭೂಕಂಪದಲ್ಲಿ ಸಿಸಿಲಿ ದ್ವೀಪದ ಗಿಬೆಲ್ಲಿನಾ ಪಟ್ಟಣ ನೆಲಸಮವಾಗಿತ್ತು. 1984ರಿಂದ ಅದರ ಅವಶೇಷಗಳ ಮೇಲೆ ಬಿಳಿ ಕಾಂಕ್ರೀಟ್ ಹೊದಿಸಿ, ಬುರ್ರಿ ಅಂಥ ಬಿರುಕುಗಳನ್ನೇ ಬೃಹತ್ತಾಗಿ ರೂಪಿಸಿದರು. ಹಳೆಯ ಬೀದಿಗಳನ್ನು ನೆನಪಿಸುವ ಆ ಬಿರುಕುಗಳೊಳಗೆ ಇಂದು ಜನ ನಡೆದಾಡುತ್ತಾರೆ. ಕೆಲಸ ಪೂರ್ಣಗೊಂಡದ್ದು ಅವರ ಜನ್ಮಶತಮಾನೋತ್ಸವದ ವರ್ಷವಾದ 2015ರಲ್ಲಿ.

ಓದಿದ್ದೊಂದು, ಹಿಡಿದ ಹಾದಿ ಇನ್ನೊಂದು. ಆದರೂ ಆ ಓದು ವ್ಯರ್ಥವಾಯಿತು ಎನ್ನಲಾದೀತೆ?