ಬಿಸಿಲಿಗೆ ಒಣಗದ ಜೆಲ್ ಬೇಕು

ಇಸಿಜಿ ಮಾಡಿಸಿಕೊಂಡವರಿಗೆ ಹೈಡ್ರೋಜೆಲ್ ಅಪರಿಚಿತವೇನಲ್ಲ. ಎದೆಗೆ ಅಂಟಿಸುವ ಎಷ್ಟೋ ಪಟ್ಟಿಗಳ ನಡುವೆ ತಣ್ಣಗೆ ತಾಗುವ ಲೋಳೆ ಅದೇ: ಪಾಲಿಮರ್ ಎಳೆಗಳ ಬಲೆಯಲ್ಲಿ ಸಿಕ್ಕಿಕೊಂಡ ಉಪ್ಪುನೀರು. ನೀರಿನಿಂದ ಮೆದುತನ, ಉಪ್ಪಿನಿಂದ ವಿದ್ಯುತ್ತಿನ ಹರಿವು. ಇದನ್ನೇ ಮೊಣಕೈಗೆ ಅಂಟಿಸಿದರೆ, ಕೈ ಮಡಚಿದಾಗಲೆಲ್ಲ ಜೆಲ್ ಹಿಗ್ಗಿ ತೆಳುವಾಗುತ್ತದೆ, ಅದರ ವಿದ್ಯುತ್ ರೋಧ ಏರುತ್ತದೆ. ಮೈಮೇಲೆ ಧರಿಸುವ ಸೆನ್ಸರ್ ಚಲನೆಯನ್ನು ಅಳೆಯುವುದು ಹೀಗೆ. ಸಂಶೋಧನೆಯ ಪೈಪೋಟಿಯೆಲ್ಲ ಹೆಚ್ಚಾಗಿ ಹಿಗ್ಗುವುದರಲ್ಲೇ ನಡೆದಿದೆ. 2012ರಲ್ಲಿ ಹಾರ್ವರ್ಡ್ ವಿಜ್ಞಾನಿಗಳು ಕಡಲಪಾಚಿಯ ಆಲ್ಜಿನೇಟನ್ನು ಪಾಲಿಅಕ್ರಿಲಮೈಡ್ ಜೊತೆ ಹೆಣೆದು, ಮೂಲ ಉದ್ದದ 20 ಪಟ್ಟು ಎಳೆದರೂ ಹರಿಯದ ಜೆಲ್ ಮಾಡಿದರು. ಆದರೆ ಕೀಲುಗಳ ಮೇಲಿನ ನಮ್ಮ ಚರ್ಮ ಹಿಗ್ಗುವುದು ಹೆಚ್ಚೆಂದರೆ ಅರ್ಧದಷ್ಟು.

ಹಾಗಾದರೆ ಆ 20 ಪಟ್ಟು ಬರೀ ಪ್ರದರ್ಶನವೇ? ಅಲ್ಲ. ಅಷ್ಟು ಹಿಗ್ಗುವ ಜೆಲ್ ಸಣ್ಣ ಗೀರು ಬಿದ್ದರೂ ಥಟ್ಟನೆ ಸೀಳುವುದಿಲ್ಲ. ಎಳೆದಾಗ ಆಲ್ಜಿನೇಟಿನ ಕ್ಯಾಲ್ಸಿಯಂ ಬಂಧಗಳು ಕಳಚಿ ಪೆಟ್ಟನ್ನು ತಾವೇ ನುಂಗುತ್ತವೆ, ಬಿಟ್ಟಮೇಲೆ ಬಹುಮಟ್ಟಿಗೆ ಮತ್ತೆ ಕೂಡಿಕೊಳ್ಳುತ್ತವೆ. ಒಮ್ಮೆ ಜೋರಾಗಿ ಎಳೆದರೆ ತಡೆಯುವುದು ಬೇರೆ, ಸಾವಿರ ಸಲ ಮೆಲ್ಲಗೆ ಮಡಚಿದರೆ ತಾಳುವುದು ಬೇರೆ. ಗಟ್ಟಿ ಜೆಲ್‌ಗಳಲ್ಲೂ ಬಿರುಕು ಸ್ವಲ್ಪಸ್ವಲ್ಪವೇ ಬೆಳೆಯುತ್ತದೆ.

ಚಿತ್ರದುರ್ಗದಂಥ ಮಳೆನೆರಳಿನ ಸೀಮೆಯಲ್ಲಿ ಇದಕ್ಕಿಂತ ದೊಡ್ಡ ಶತ್ರು ಒಣಗಾಳಿ. ಹೊಳಲ್ಕೆರೆಯ ಅಡಿಕೆ ತೋಟದ ನೆರಳಲ್ಲಿ ಒಂದಿಷ್ಟು ತೇವ ಉಳಿದೀತು. ಹಿರಿಯೂರಿನ ಈರುಳ್ಳಿ ಹೊಲದಲ್ಲೋ ಹೊಸದುರ್ಗದ ಗಣಿ ದಾರಿಯಲ್ಲೋ ಏಪ್ರಿಲ್ ಮಧ್ಯಾಹ್ನ ದುಡಿಯುವವರ ಕೈಮೇಲೆ ತೆರೆದ ಜೆಲ್ ನೀರು ಬಿಡುತ್ತಲೇ ಹೋಗುತ್ತದೆ. ಲೆಕ್ಕದ ಪ್ರಕಾರ ಜೆಲ್ ಶೇ 30ರಷ್ಟು ಹಿಗ್ಗಿದರೆ ರೋಧ ಸುಮಾರು 1.7 ಪಟ್ಟಾಗಬೇಕು. ಒಣಗಿದರೂ ರೋಧ ಏರಬಲ್ಲದು. ಕೈ ಮಡಚಿತೋ ನೀರು ಹೋಯಿತೋ ಎಂದು ಸೆನ್ಸರ್‌ಗೆ ಹೇಗೆ ತಿಳಿಯಬೇಕು? ನಿಧಾನದ ಬದಲಾವಣೆಯನ್ನು ಸಾಫ್ಟ್‌ವೇರ್ ಕಳೆದುಹಾಕುತ್ತದೆ ಎನ್ನುವವರಿದ್ದಾರೆ. ಬೇಗಬೇಗನೆ ಆಗುವ ಚಲನೆಯ ಮಟ್ಟಿಗೆ ಅದು ನಿಜ. ಆದರೆ ಒಣಗಿ ಬಿರುಸಾದ ಪಟ್ಟಿಯ ಅಂಚು ಚರ್ಮ ಬಿಟ್ಟು ಸುರುಟಿಕೊಂಡ ಮೇಲೆ ಯಾವ ಸಾಫ್ಟ್‌ವೇರೂ ಅದನ್ನು ಮತ್ತೆ ಅಂಟಿಸದು.

ಉಪಾಯಗಳಿಲ್ಲ ಎಂದಲ್ಲ. ಗ್ಲಿಸರಿನ್ ಬೆರೆಸಿದರೆ ನೀರು ನಿಲ್ಲುತ್ತದೆ, ಆದರೆ ಅಯಾನುಗಳ ಓಡಾಟ ಮಂದವಾಗುತ್ತದೆ. ಲಿಥಿಯಂ ಕ್ಲೋರೈಡ್ ಗಾಳಿಯ ತೇವವನ್ನೇ ಹೀರುತ್ತದೆ, ಆದರೆ ದಿನಗಟ್ಟಲೆ ಬರಿ ಚರ್ಮಕ್ಕೆ ತಾಗಿಸುವ ವಸ್ತು ಅದಲ್ಲ. ರಬ್ಬರ್ ಹೊದಿಕೆ ಹಾಕೋಣವೆಂದರೆ, ಮೆತ್ತಗಿನ ಸಿಲಿಕೋನ್ ನೀರಾವಿಯನ್ನು ಧಾರಾಳವಾಗಿ ಬಿಟ್ಟುಕೊಡುತ್ತದೆ. ಬ್ಯೂಟೈಲ್ ರಬ್ಬರ್ ಚೆನ್ನಾಗಿ ತಡೆಯುತ್ತದೆ, ಆಗ ಬೆವರು ಕೆಳಗೇ ಉಳಿಯುತ್ತದೆ. ನನ್ನ ಮಟ್ಟಿಗೆ ಹೊರಬದಿಗೆ ಬ್ಯೂಟೈಲ್, ಬೆವರಿಗೆ ಅಂಚಿನಲ್ಲಿ ದಾರಿ, ಜೆಲ್‌ನೊಳಗೆ ಹದವಾಗಿ ಗ್ಲಿಸರಿನ್, ಈ ಮೂರೂ ಸೇರಿದ ವಿನ್ಯಾಸವೇ ಲೇಸು. ಬೆಲೆ ಹೆಚ್ಚಾಗುತ್ತದೆ ಎಂಬ ಆಕ್ಷೇಪ ಸರಿಯೇ. ದಿನಕ್ಕೊಂದು ಪಟ್ಟಿ ಬಿಸಾಡುವ ಖರ್ಚನ್ನೂ ಅದರ ಪಕ್ಕದಲ್ಲಿ ಇಟ್ಟು ನೋಡಬೇಕಷ್ಟೇ. ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೇ ಕ್ಯಾಂಪಸ್ ಇದೇ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿದೆ. ಇಂಥ ಪಟ್ಟಿಯನ್ನು ಬೇಸಿಗೆಯಲ್ಲಿ ಒರೆಗೆ ಹಚ್ಚಲು ಹವಾನಿಯಂತ್ರಿತ ಕೋಣೆಗಿಂತ ಆ ಬಯಲೇ ವಾಸಿ.