ಆದೋನಿ ನೀರಲ್ಲಿ ಪೋರ್ ಓವರ್ ಕಾಫಿ

ಕಾಫಿ ಕೆಟ್ಟರೆ ನಾವು ಬೈಯೋದು ಪುಡಿಯನ್ನ. ಆದೋನಿಯಲ್ಲಿ ಮೊದಲು ನೀರನ್ನ ನೋಡ್ರಿ. ಬೋರಿನ ಗಡಸು ನೀರು ಕಾಯಿಸಿದರೆ ಪಾತ್ರೆ ತಳದಲ್ಲಿ ಬಿಳಿ ಪದರ ಕಟ್ಟುತ್ತಲ್ಲ, ಅದಕ್ಕೆ ಕಾರಣವಾದ ಬೈಕಾರ್ಬೊನೇಟೇ ಕಾಫಿಯ ಹಣ್ಣಿನಂಥ ಹುಳಿಯನ್ನು ನುಂಗಿಬಿಡುತ್ತದೆ. ಬರೀ ಕ್ಯಾನ್ ನೀರು ಹಾಕಿದರೆ ಸಪ್ಪೆ. ಕ್ಯಾನಲ್ಲಿ ಬರೋ ಆರ್‌ಓ ನೀರಲ್ಲಿ ಖನಿಜವೇ ಕಡಿಮೆ. ತುಂಗಭದ್ರಾ ಕಾಲುವೆಯ ನಲ್ಲಿ ನೀರು ಬರುತ್ತಿದ್ದರೆ ಶೋಧಿಸಿ, ಅರ್ಧಕ್ಕರ್ಧ ಕ್ಯಾನ್ ನೀರು ಬೆರೆಸಿ.

ಪುಡಿ 15 ಗ್ರಾಂ, ನೀರು 240 ಮಿಲಿ. ಚಿಕ್ಕಮಗಳೂರಿನ ಅರೇಬಿಕಾ ಆಗಲಿ, ನಮ್ಮ ಆಂಧ್ರದ ಅರಕು ಆಗಲಿ, ಚಿಕೋರಿ ಬೇಡ. ಫಿಲ್ಟರ್ ಪುಡಿಯಷ್ಟು ನುಣ್ಣಗಿದ್ದರೆ ನೀರು ಇಳಿಯದೆ ಕಹಿಯಾಗುತ್ತೆ. ಉಪ್ಪಿಟ್ಟಿನ ರವೆಯ ಹದ ಇರಲಿ.

ಕಾಗದದ ಫಿಲ್ಟರನ್ನು ಬಿಸಿನೀರಲ್ಲಿ ತೋಯಿಸಿ, ಅದರಲ್ಲಿ ಪುಡಿ ಹಾಕಿ. ಕುದ್ದ ನೀರು ಅರ್ಧ ನಿಮಿಷ ಆರಲಿ. ಮೊದಲು 40 ಮಿಲಿ ಮಾತ್ರ ಸುರಿಯಿರಿ. ಇಲ್ಲಿ ನೋಡ್ರಿ, ಪುಡಿ ಉಬ್ಬುತ್ತಿದೆ! ಹುರಿದಾಗ ಒಳಗೆ ಹುಟ್ಟಿ ಉಳಿದ ಇಂಗಾಲದ ಡೈಆಕ್ಸೈಡ್ ಹೊರಬರುತ್ತಿದೆ. ನನಗೆ ಇದೇ ಅತ್ಯಂತ ಇಷ್ಟದ ಗಳಿಗೆ. 40 ಸೆಕೆಂಡು ಕಾಯಿರಿ. ಉಳಿದ ನೀರನ್ನು ಸಣ್ಣ ಧಾರೆಯಲ್ಲಿ, ಸುತ್ತುತ್ತಾ ಸುರಿಯಿರಿ.

ಮೂರು ನಿಮಿಷಕ್ಕೆ ಇಳಿದು ಮುಗಿಯಬೇಕು. ಬೇಗ ಇಳಿದು ತೀರಾ ಹುಳಿಯಾದರೆ, ನಾಳೆ ಇನ್ನಷ್ಟು ನುಣ್ಣಗೆ ಬೀಸಿ. ಮೊದಲ ಗುಟುಕು ಹಾಲು, ಸಕ್ಕರೆ ಇಲ್ಲದೆ ಕುಡೀರಿ.